ಚರಂಡಿಗೆ ಸಿಕ್ಕಿಸಿದ ತೆಂಗಿನ ಮಡಲು

ಇವತ್ತು ಬೆಳಿಗ್ಗೆ ಉಡುಪಿಯ ಕಲ್ಸಂಕದ ಹತ್ತಿರ ಒಂದು ಒಳರಸ್ತೆಯಲ್ಲಿ ಚರಂಡಿ ಮೇಲಿನ ಕಬ್ಬಿಣದ ಜಾಲರಿ ಮಾಯ. ಯಾರೋ ಪುಣ್ಯಾತ್ಮರು ಆ ಹೊಂಡಕ್ಕೆ ತೆಂಗಿನ ಮಡಲು ಸಿಕ್ಕಿಸಿ, ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಜೋರು ಮಳೆ ಬೇರೆ. ನನ್ನ ಕಣ್ಣೆದುರೇ ಒಬ್ಬಳು ಹುಡುಗಿ ಮಡಲು ತಪ್ಪಿಸಲು ಹೋಗಿ ಸ್ಕೂಟಿ ಸಮೇತ ಅಡ್ಡ ಬಿದ್ದಳು. ಪುಣ್ಯಕ್ಕೆ ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದವರದ್ದೆಲ್ಲ ಒಂದೇ ಮಾತು. "ಇಂಥ ಕಳ್ಳರನ್ನು ಹತ್ತು ವರ್ಷ ಒಳಗೆ ಹಾಕಬೇಕು ಮಾಷ್ಟ್ರೇ." ನಾನು "ಯಾರ ಖರ್ಚಲ್ಲಿ ಶೆಟ್ರೇ?" ಎಂದೆ. ಜಾಲರಿ ಕದ್ದವನೇ ನಾನು ಎನ್ನುವ ಹಾಗೆ ನೋಡಿದರು.

ಶಿಕ್ಷೆ ಕಡಿಮೆ ಇದೆ ಅಂತ ಇವರಿಗೆ ಹೇಳಿದ್ದು ಯಾರು ಮಾರಾಯ್ರೆ? 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾಮೂಲಿ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು. ಎರಡನೇ ಸಲ ಸಾಬೀತಾದರೆ 1ರಿಂದ 5 ವರ್ಷ. ಸರ್ಕಾರದ್ದೋ ನಗರಸಭೆಯದ್ದೋ ಸೊತ್ತಾದರೆ 305ನೇ ಸೆಕ್ಷನ್, 7 ವರ್ಷದವರೆಗೆ. ಅಂದರೆ ಆ ಜಾಲರಿಗೆ 7 ವರ್ಷ ಆಗಲೇ ಬರೆದಿಟ್ಟಿದೆ. ರಾತ್ರಿ ಎರಡು ಗಂಟೆಗೆ ಹಾರೆ ಹಿಡಿದು ಹೊರಟವನು ಸೆಕ್ಷನ್ ಓದಿ ಹೊರಡುತ್ತಾನಾ? ಇನ್ನೊಂದು ತಮಾಷೆ ಕೇಳಿ. 7 ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಕೇಸಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ತಯಾರಾಗಲು ರಾಜ್ಯಗಳಿಗೆ 5 ವರ್ಷ ಸಮಯ ಕೊಟ್ಟಿದ್ದಾರೆ. ಮುಂದೆ ಒಂದು ದಿನ ಮಡಲಿನ ಪಕ್ಕ ಅವರೂ ಕೊಡೆ ಹಿಡಿದು ನಿಂತಿರುತ್ತಾರೆ.

"ನಿಮ್ಮದು ಹೋದರೆ ಗೊತ್ತಾಗ್ತಿತ್ತು" ಎಂದರು ಶೆಟ್ರು. ನನ್ನದೂ ಹೋಗಿದೆ! ಕಳೆದ ವರ್ಷ ಏಪ್ರಿಲ್‌ನಲ್ಲಿ ತೋಟದ ಪಂಪಿನ ಕೇಬಲ್ ಹೋದಾಗ ಇಲ್ಲೇ ಬರೆದು ನಿಮ್ಮೆಲ್ಲರ ತಲೆ ತಿಂದಿದ್ದೆ. ನಾಲ್ಕು ದಿನ ಅಡಿಕೆಗೆ ನೀರಿಲ್ಲ. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಕಲ್ಲಿನ ಮೇಲೆ ರಬ್ಬರ್ ಸುಟ್ಟ ಕಪ್ಪು ಕಲೆ ಇನ್ನೂ ಇದೆ. ತಾಮ್ರ ಬೇಕಿದ್ದದ್ದು, ಉಳಿದದ್ದಕ್ಕೆ ಬೆಂಕಿ. ಹೊಸ ಕೇಬಲ್‌ಗೆ ನನಗೆ ಬಿದ್ದದ್ದು 16,000. ಕಳ್ಳನಿಗೆ ಸಿಕ್ಕಿದ್ದು 1,900.

ಹುಡುಗ ಸಿಕ್ಕಿಬಿದ್ದ. ಆಮೇಲೆ ಶುರುವಾಯಿತು ನೋಡಿ ನನ್ನ ಶಿಕ್ಷೆ. ಮಹಜರಿಗೆ ಒಂದು ದಿನ. ಸಾಕ್ಷಿ ಹೇಳಲು ಸಮನ್ಸ್. ಮೂರು ವಾಯಿದೆ ಆಯಿತು, ನಾನಿನ್ನೂ ಕಟಕಟೆ ಹತ್ತಿಲ್ಲ. ಒಮ್ಮೆ ಜಡ್ಜ್ ರಜೆ, ಒಮ್ಮೆ ವಕೀಲರು ಇಲ್ಲ, ಒಮ್ಮೆ ಯಾಕೆ ಅಂತ ಯಾರೂ ಹೇಳಲಿಲ್ಲ. ಆ ಹುಡುಗನಿಗೆ ಜಾಮೀನು ಮಂಜೂರಾಗಿದೆ, ಜಾಮೀನು ನಿಲ್ಲಲು ಜನ ಇಲ್ಲ. ಹಾಗಾಗಿ ಪ್ರತಿ ಸಲ ಅವನೊಬ್ಬನನ್ನು ಕರೆತರಲು ಇಬ್ಬರು ಪೊಲೀಸರು. ಜಗಲಿಯ ಬೆಂಚಿನಲ್ಲಿ ಮೂವರೂ ಒಟ್ಟಿಗೆ ತೂಕಡಿಸುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ ನೂರರಲ್ಲಿ 75ಕ್ಕೂ ಜಾಸ್ತಿ ಮಂದಿ ಹೀಗೇ ವಿಚಾರಣೆ ಮುಗಿಯದವರು. ಅವರ ಊಟ, ಕಾವಲು, ಓಡಾಟ ಎಲ್ಲ ನಮ್ಮ ತೆರಿಗೆಯಿಂದ. 1,900 ರೂಪಾಯಿಯ ತಾಮ್ರಕ್ಕೆ ಮಾರಾಯ್ರೆ!

ಸರಿ, ಆ 1,900 ಕೊಟ್ಟದ್ದು ಯಾರು? ಇದೊಂದು ಪ್ರಶ್ನೆ ಮಾತ್ರ ಯಾರಿಗೂ ಬರುವುದಿಲ್ಲ. ಕದ್ದ ಮಾಲು ಗೊತ್ತಿದ್ದೂ ತೆಗೆದುಕೊಂಡರೆ ಅದೇ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಇದೆ. ಆದರೆ "ನನಗೆ ಗೊತ್ತಿರಲಿಲ್ಲ" ಎಂದರೆ ಮುಗಿಯಿತು. ಸುಟ್ಟು ಕರಿಯಾದ ತಾಮ್ರದ ಉಂಡೆ ಯಾರ ಅಜ್ಜಿಯ ಬಳುವಳಿ ಅಂತ ಗುಜರಿಯವನು ಅಂದುಕೊಂಡನೋ!

ಸುಮ್ನೆ ಹೇಳ್ತಿಲ್ಲ. ಹೋದ ತಿಂಗಳು ನಮ್ಮ ಬಚ್ಚಲಿನ ತೂತು ಬಿದ್ದ ತಾಮ್ರದ ಹಂಡೆಯನ್ನು ಗೋಣಿಯಲ್ಲಿ ಸುತ್ತಿ ಒಂದು ಗುಜರಿ ಅಂಗಡಿಗೆ ಒಯ್ದೆ. ತೂಗಿದ, ಕ್ಯಾಲ್ಕುಲೇಟರ್ ಒತ್ತಿದ, ನೋಟು ಎಣಿಸಿದ. ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. "ಇನ್ನು ಇದ್ರೆ ತನ್ನಿ" ಎಂದ.

ಬ್ರಿಟನ್ನಿನಲ್ಲಿ ರೈಲ್ವೆ ಕೇಬಲ್, ಚರ್ಚಿನ ಮಾಡಿನ ಸೀಸ ಎಲ್ಲ ಹೀಗೇ ಹೋಗುತ್ತಿತ್ತು. 2012ರ ಡಿಸೆಂಬರ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಲ್ಲಿಸಿದರು. 2013ರ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು, ಮಾರುವವನ ಹೆಸರು, ವಿಳಾಸ ಖಾತ್ರಿ ಮಾಡಿ ಬರೆದಿಡಬೇಕು ಎಂದರು. ಒಂದು ಪುಸ್ತಕ, ಒಂದು ಪೆನ್ನು. ಜೈಲಿನ ಗೋಡೆಗಿಂತ ಅಗ್ಗ ಅಲ್ವಾ?

ಇಲ್ಲೂ ಹಾಗೇ ಮಾಡಿ ಎಂದರೆ ಬಾಟ್ಲಿ ಹೆಕ್ಕುವ ಬಡವರ ಹೊಟ್ಟೆ ಮೇಲೆ ಹೊಡೆತ ಅಂತೀರಿ, ಗೊತ್ತು. ಬಾಟ್ಲಿಗೆ, ಪೇಪರಿಗೆ ನಗದೇ ಇರಲಿ, ಯಾರು ಬೇಡ ಅಂದರು? ತಾಮ್ರ, ಹಿತ್ತಾಳೆ, ಚರಂಡಿ ಜಾಲರಿಗೆ ಬೇಡ. ಅಷ್ಟಕ್ಕೂ ಬೊಂಡ ಮಾರುವವರ ಹತ್ತಿರವೂ ಕ್ಯೂಆರ್ ಕೋಡ್ ಇದೆ.

ಒಂದು ವಿಷಯ ಇದುವರೆಗೆ ಹೇಳಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜನ ನೇಗಿಲಿನ ಗುಳ ಕದ್ದು ಗುಜರಿಗೆ ಕೊಟ್ಟು ಐಸ್ ಕ್ಯಾಂಡಿ ತಿಂದಿದ್ದೇನೆ. ಅಜ್ಜ ನನಗೆ ಎರಡು ಬಿಟ್ಟರು, ಸರಿ. ಆದರೆ ಕಿವಿ ಹಿಡಿದು ಎಳೆದುಕೊಂಡು ಹೋದದ್ದು ಗುಜರಿಯವನ ಹತ್ತಿರ. ಅರ್ಧ ಪೇಟೆಗೆ ಕೇಳುವ ಹಾಗೆ ಅವನಿಗೆ ಬೈದು ಗುಳ ವಾಪಸ್ ತಂದರು. ಆಮೇಲೆ ನಮ್ಮ ವಠಾರದ ಮಕ್ಕಳ ಕೈಯಿಂದ ಅವನು ಒಂದು ಮೊಳೆಯನ್ನೂ ತೆಗೆದುಕೊಳ್ಳಲಿಲ್ಲ.

ಬರುವ ವಾರ ನಾಲ್ಕನೇ ವಾಯಿದೆ. ಅವತ್ತೇ ಅಡಿಕೆಗೆ ಮದ್ದು ಬಿಡುವವರು ಬರುತ್ತೇನೆ ಎಂದಿದ್ದಾರೆ, ಅದೂ ಮಳೆ ಬಿಟ್ಟರೆ. ಅವರನ್ನು ಬೇಡ ಎಂದರೆ ಮತ್ತೆ ಸಿಗುವುದು ಯಾವಾಗಲೋ. ಮದ್ದಿಗೆ ಮೈಲುತುತ್ತ ತಂದಿಟ್ಟಾಗಿದೆ. ಅದೂ ತಾಮ್ರದ್ದೇ ಅಂತ ಯಾರಿಗೂ ಹೇಳಬೇಡಿ.