ಗೋದಾಮಿನಲ್ಲಿ ಕಳೆದುಹೋದ ವಾರಗಳು

ಹೋದ ವರ್ಷ ಜೂನ್‌ನಲ್ಲಿ ಸಿದ್ದಾಪುರದ ಹತ್ತಿರದ ನಮ್ಮ ತೋಟಕ್ಕೆ ಆರು ವಾರದ ಜರ್ಮನ್ ಶೆಫರ್ಡ್ ಮರಿಯೊಂದನ್ನು ತಂದೆ. ಮಳೆ ಬಿಡದೆ ಸುರಿಯುತ್ತಿದ್ದುದರಿಂದ ಆಗಸ್ಟ್ ಮುಗಿಯುವವರೆಗೆ ಅದನ್ನು ಕಾಫಿ ಗೋದಾಮಿನಲ್ಲೇ ಕಟ್ಟಿ ಬೆಳೆಸಿದೆ. ಕೊಯ್ಲಿನ ಕಾಲದಲ್ಲಿ ಆಳುಗಳು ತಲೆಯ ಮೇಲೆ ಚೀಲ ಹೊತ್ತು ಕಣಕ್ಕೆ ಬಂದಾಗ ಅದು ಗೋಣಿಗಳ ಹಿಂದೆ ಹೊಟ್ಟೆಯನ್ನು ನೆಲಕ್ಕೊತ್ತಿ ನಡುಗುತ್ತಿತ್ತು. ಸಮಾಧಾನಪಡಿಸಲು ಕೈ ಚಾಚಿದ ಒಬ್ಬರ ಮುಂಗೈಗೆ ಬಾಯಿ ಹಾಕಿಬಿಟ್ಟಿತು. "ಆ ಜಾತಿಯೇ ಹಾಗೆ ಮಾರಾಯ್ರೇ" ಎಂದರು ಪಕ್ಕದ ತೋಟದವರು. ಆ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಸ್ವಭಾವದಲ್ಲಿ ರಕ್ತದ ಪಾಲೇನೂ ಸಣ್ಣದಲ್ಲ. ನಮ್ಮ ಮನೆಯ ಹಳೆಯ ನಾಯಿ ಬೇಟೆನಾಯಿಗಳ ಸಂತತಿ. ಯಾರೂ ಕಲಿಸದಿದ್ದರೂ ಕಾಡುಹಂದಿ ಹಾದುಹೋದ ಜಾಗದಲ್ಲಿ ಮೂಗನ್ನು ಮಣ್ಣಿಗಿಟ್ಟು, ಒಂದು ಮುಂಗಾಲನ್ನೆತ್ತಿ ನಿಂತುಬಿಡುತ್ತದೆ. 1959ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ತಳಿವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಆರಂಭಿಸಿದ ಪ್ರಯೋಗದಲ್ಲಿ ನರಿಗಳಿಗೆ ಯಾವ ತರಬೇತಿಯನ್ನೂ ಕೊಡಲಿಲ್ಲ. ಮನುಷ್ಯರಿಗೆ ಹೆದರದ, ಮೈಮೇಲೆ ಬೀಳದ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸುತ್ತಾ ಹೋದಾಗ, ಕೆಲವೇ ಪೀಳಿಗೆಗಳಲ್ಲಿ ಮನುಷ್ಯರನ್ನು ಕಂಡು ಬಾಲ ಅಲ್ಲಾಡಿಸುವ ಮರಿಗಳು ಹುಟ್ಟಿದವು. ಆದ್ದರಿಂದ ಮರಿ ಕೊಳ್ಳುವವರು ಬಣ್ಣ, ಕಿವಿಗಳಿಗಿಂತ ಮೊದಲು ತಾಯಿನಾಯಿಯ ಸ್ವಭಾವವನ್ನು ನೋಡಬೇಕು.

ಆದರೆ ರಕ್ತ ಬೇರೆ, ತಳಿಯ ಹೆಸರು ಬೇರೆ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರು ಕೊಟ್ಟ ಉತ್ತರಗಳನ್ನೂ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎಯನ್ನೂ ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಒಂದೇ ಸೂಲಿನ ಮರಿಗಳಲ್ಲೇ ಒಂದು ಪುಕ್ಕಲು, ಇನ್ನೊಂದು ದಿಟ್ಟ ಆಗಿರುವುದನ್ನು ನಾಯಿ ಸಾಕಿದ ಎಲ್ಲರೂ ಬಲ್ಲರು.

ನಾನು ಕಳೆದುಕೊಂಡದ್ದು ಬೇರೆಯೇ: ಮರಿ ಮನುಷ್ಯರಿಗೆ ಒಗ್ಗಿಕೊಳ್ಳುವ ಆ ಮೊದಲ ವಾರಗಳನ್ನು. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 14 ವಾರದವರೆಗೆ ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ದೂರ ಓಡಿದವು. ನನ್ನ ಮರಿಗೆ ದಿನಕ್ಕೆ ಎರಡು ಹೊತ್ತು ಅನ್ನ ಇಡುವ ನನ್ನ ಮುಖವೊಂದೇ ಪರಿಚಯವಾಗಿತ್ತು. ಲಸಿಕೆ ಪೂರ್ತಿಯಾಗುವ ಮೊದಲು ಅದನ್ನು ನೆಲಕ್ಕೆ ಬಿಡದಿದ್ದರೂ ಎತ್ತಿಕೊಂಡು ಆಳುಗಳು ಇರುವ ಲೈನ್ ಮನೆಗಳವರೆಗೆ ಹೋಗಿ, ಮಕ್ಕಳ ಗದ್ದಲ, ಜೀಪಿನ ಸದ್ದು, ಕೊಡೆ ಹಿಡಿದವರು, ಚೀಲ ಹೊತ್ತವರು, ಎಲ್ಲವನ್ನೂ ತೋರಿಸಬಹುದಿತ್ತು.

ಈಗ ತರಬೇತಿ ನಡೆಯುತ್ತಿದೆ. ಕೂತ್ಕೋ ಎಂದರೆ ಕೂರುವುದನ್ನು ಅದು ನಾಲ್ಕು ದಿನದಲ್ಲಿ ಕಲಿಯಿತು. ಹೆದರಿಕೆ ಮಾತ್ರ ಅಷ್ಟು ಬೇಗ ಬಿಡುವುದಿಲ್ಲ. ಪ್ರತಿ ಸಂಜೆ ಆಳುಗಳು ದೂರದಲ್ಲಿ ನಿಂತು ರೊಟ್ಟಿಯ ಚೂರು ಎಸೆಯುತ್ತಾರೆ, ವಾರಕ್ಕೊಮ್ಮೆ ಒಂದು ಹೆಜ್ಜೆ ಹತ್ತಿರ ಬರುತ್ತಾರೆ. ಕಚ್ಚಿಸಿಕೊಂಡವರ ಕೈಯಿಂದಲೇ ಮೊನ್ನೆ ಅದು ರೊಟ್ಟಿ ತಿಂದಿತು. ತಲೆಯ ಮೇಲೆ ಚೀಲ ಕಂಡರೆ ಮಾತ್ರ ಈಗಲೂ ಗೋಣಿಗಳ ಹಿಂದೆ ಹೋಗಿ ಮಲಗುತ್ತದೆ.