ಡೇಲಿಯಾ ಅಂದರೆ ಏನರ್ಥ ಸ್ವಾಮಿ?

ಮೊನ್ನೆ ರಾತ್ರಿ ಹತ್ತೂವರೆಗೆ ಗೆಳೆಯನ ಫೋನು. ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಮಗು ಮಲಗಿತ್ತು, ಅಪ್ಪನಿಗೆ ನಿದ್ದೆ ಇರಲಿಲ್ಲ.

‘ಡೇಲಿಯಾ ಅಂತ ಇಡೋಣ ಅಂತಿದ್ದೀವಿ ಕಣೋ. ಅರ್ಥ ಏನು ಹೇಳು.’

‘ಹೂವು’ ಅಂದೆ.

‘ಅದು ನಂಗೂ ಗೊತ್ತು. ಅರ್ಥ ಏನು?’

ಹೂವಿನ ಹೆಸರಿಗೆ ಹೂವು ಅನ್ನೋ ಅರ್ಥ ಈಗ ಸಾಲೋದಿಲ್ಲ. ಹೆಸರು ಕೇಳಿದವರು ‘ಓಹೋ’ ಅನ್ನಬೇಕು. ಅದಕ್ಕೇ ಮಕ್ಕಳ ಹೆಸರಿನ ಪಟ್ಟಿಗಳು ಇರೋದು. ಗೆಳೆಯ ನಾಲ್ಕು ಪಟ್ಟಿಗಳ ಸ್ಕ್ರೀನ್‌ಶಾಟ್ ಕಳಿಸಿದ. ಒಂದರಲ್ಲಿ ಡೇಲಿಯಾ ಅಂದರೆ ‘ಕೋಮಲೆ’. ಎರಡನೆಯದರಲ್ಲಿ ‘ಸುಗಂಧ ಹರಡುವವಳು’. ಮೂರನೆಯದರಲ್ಲಿ ‘ದೇವರ ಕೊಡುಗೆ’. ಏನೂ ತೋಚದಿದ್ದಾಗ ಎಲ್ಲ ಹೆಸರೂ ದೇವರ ಕೊಡುಗೆಯೇ ಅಲ್ವಾ. ನಾಲ್ಕನೆಯದು ಭಾರೀ ಉದಾರಿ. ಅದೃಷ್ಟ ಸಂಖ್ಯೆ 7, ಅದೃಷ್ಟದ ಬಣ್ಣ ನೀಲಿ, ಸ್ವಭಾವ ‘ನಾಯಕತ್ವದ ಗುಣ, ಆದರೆ ನಾಚಿಕೆ ಜಾಸ್ತಿ’.

ಒಂಬತ್ತು ದಿನದ ಕೂಸಿನ ನಾಚಿಕೆಯ ವಿಚಾರ ಬಿಡಿ, ಹೂವಿನ ವಿಚಾರಕ್ಕೆ ಬರೋಣ. ಡೇಲಿಯಾಕ್ಕೆ ಪರಿಮಳ ಇಲ್ಲವೆಂದರೂ ನಡೆಯುತ್ತದೆ. ಮೂಗು ಹೂವಿನೊಳಗೆ ತೂರಿಸಿದರೂ ಸಿಗೋದು ಹಸಿ ಎಲೆಯ ವಾಸನೆ, ಜೊತೆಗೆ ಒಂದೆರಡು ಇರುವೆ. ಇನ್ನು ಬಣ್ಣ. ಕೆಂಪು, ಹಳದಿ, ಬಿಳಿ, ಕಿತ್ತಳೆ, ನೇರಳೆ, ಕಪ್ಪು ಅನ್ನಿಸುವಂಥ ಕಡುಗೆಂಪು, ಎಲ್ಲ ಉಂಟು. ಅಚ್ಚ ನೀಲಿ ಮಾತ್ರ ಇಲ್ಲ. ಇಷ್ಟೆಲ್ಲ ಬಣ್ಣ ಬಿಟ್ಟು, ಹೂವಿನಲ್ಲಿ ಇಲ್ಲದ ಬಣ್ಣವನ್ನೇ ಹುಡುಕಿ ಅದೃಷ್ಟ ಅಂದಿದ್ದಾರೆ. ಅದಕ್ಕೂ ಪ್ರತಿಭೆ ಬೇಕು.

ನಿಜವಾದ ಕಥೆ ಹೇಳೋಣ ಅಂತ ನಾನು ಎದ್ದು ಕೂತೆ. ತಪ್ಪು ಮಾಡಿದೆ ಅಂತ ಆಮೇಲೆ ಗೊತ್ತಾಯ್ತು.

ಡೇಲಿಯಾದ ತವರು ಮೆಕ್ಸಿಕೊ. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ಅಲ್ಲಿನ ಹಳೆಯ ನಹುವಾತ್ಲ್ ಭಾಷೆಯಲ್ಲಿ ಅದಕ್ಕೆ ಕೊಕೊಶೋಚಿತ್ಲ್ ಅನ್ನೋ ಹೆಸರಿತ್ತು. ಅಂದರೆ ಟೊಳ್ಳು ಕಾಂಡದ ಹೂವು. 1789ರಲ್ಲಿ ಬೀಜ ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ ತಲುಪಿತು. ಎರಡು ವರ್ಷದ ಮೇಲೆ ಅಲ್ಲಿನ ಸಸ್ಯವಿಜ್ಞಾನಿ ಕವನಿಲ್ಲೆಸ್ ಅದಕ್ಕೆ ಡೇಲಿಯಾ ಅಂತ ಹೆಸರಿಟ್ಟ. ಯಾರ ನೆನಪಿಗೆ? ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ. ಅವನೂ ಸಸ್ಯವಿಜ್ಞಾನಿ, ಗಿಡಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ. 38ನೇ ವಯಸ್ಸಿಗೇ, ಅದೇ 1789ರಲ್ಲಿ, ತೀರಿಕೊಂಡಿದ್ದ. ಸ್ವೀಡಿಷ್ ಭಾಷೆಯಲ್ಲಿ ಡಾಲ್ ಅಂದರೆ ಕಣಿವೆ.

‘ಅಂದ್ರೆ ನನ್ನ ಮಗಳ ಹೆಸರು ಒಬ್ಬ ಗಂಡಸಿನ ಸರ್‌ನೇಮಾ?’ ಅಂದ ಗೆಳೆಯ.

‘ಇಲ್ಲಾ ಟೊಳ್ಳು ಕಾಂಡ. ಯಾವುದು ಬೇಕೋ ಅದು ಇಟ್ಕೋ.’

ಅಲ್ಲಿಗೂ ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ ಜರ್ಮನಿಯ ವಿಲ್ಡೆನೋವ್ ಅನ್ನೋ ಸಸ್ಯವಿಜ್ಞಾನಿ ಆ ಹೆಸರು ಬೇಡ ಅಂತ ಇದನ್ನು ಜಾರ್ಜಿನಾ ಮಾಡಿದ. ಅದೂ ಜಾರ್ಜಿ ಅನ್ನೋ ಇನ್ನೊಬ್ಬ ಗಂಡಸಿನ ನೆನಪಿಗೇ. ರಷ್ಯನ್ನರು ಇವತ್ತಿಗೂ ಈ ಹೂವಿಗೆ ಗೆಯೊರ್ಗಿನ್ ಅನ್ನುತ್ತಾರೆ, ಅದು ಅವರ ವ್ಯಾಕರಣದಲ್ಲಿ ಪುಲ್ಲಿಂಗ. ನಮ್ಮ ಕನ್ನಡದಲ್ಲಿ ಇದು ಡೇರೆ ಹೂವು. ಡೇರೆ ಅಂದರೆ ಗುಡಾರವೂ ಹೌದು. ಪಟ್ಟಿ ಬರೆಯುವವರ ಕಣ್ಣಿಗೆ ಅದಿನ್ನೂ ಬಿದ್ದಿಲ್ಲ, ಬಿದ್ದರೆ ‘ಎಲ್ಲರಿಗೂ ಆಶ್ರಯ ನೀಡುವವಳು’ ಗ್ಯಾರಂಟಿ.

ಹೀಬ್ರೂ ಭಾಷೆಯಲ್ಲೂ ದಾಲಿಯಾ ಅನ್ನೋ ಹೆಸರಿದೆ, ಅಲ್ಲಿ ಅದು ಜೋತಾಡುವ ಬಳ್ಳಿ, ಕೊಂಬೆ. ಲಿಥುವೇನಿಯಾದಲ್ಲೂ ದಾಲಿಯಾ ಇದೆ. ಅಲ್ಲಿ ಅದರ ಅರ್ಥ ಪಾಲು, ಹಣೆಬರಹ. 2009ರಿಂದ 2019ರವರೆಗೆ ಆ ದೇಶದ ಅಧ್ಯಕ್ಷೆಯಾಗಿದ್ದವರು ದಾಲಿಯಾ ಗ್ರಿಬೌಸ್ಕೈಟೆ. ಆ ಎರಡಕ್ಕೂ ಈ ಹೂವಿಗೂ ಸಂಬಂಧವೇ ಇಲ್ಲ, ಸುಮ್ನೆ ಉಚ್ಚಾರ ಹತ್ತಿರ ಬಂದಿದೆ ಅಷ್ಟೇ. ಪಟ್ಟಿಯವರು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ. ಕಣಿವೆಯಲ್ಲಿ ಜೋತಾಡುವ ಹಣೆಬರಹದ ಹೂವು!

ಡೇಲಿಯಾ ಒಂದೇ ಅಲ್ಲ, ಇನ್ನೂ ಕೆಲವು ಹೂವುಗಳಿಗೆ ಗಂಡಸರ ಹೆಸರೇ. ಮ್ಯಾಗ್ನೋಲಿಯಾ ಫ್ರಾನ್ಸಿನ ಪಿಯರ್ ಮಾನ್ಯೋಲ್. ಕಮೀಲಿಯಾ ಪಾದ್ರಿ ಕಾಮೆಲ್. ಜಿನಿಯಾ ಅಂತೂ ಕಣ್ಣು ಕೊಯ್ದು ಅದರ ರಚನೆ ಬರೆದ ಜರ್ಮನಿಯ ವೈದ್ಯ ತ್ಸಿನ್. ಕಣ್ಣೊಳಗಿನ ಮಸೂರವನ್ನು ಹಿಡಿದಿಡುವ ಎಳೆಗಳಿಗೂ ಅವನದೇ ಹೆಸರಿದೆ. ಈ ಮೂರೂ ಹೆಸರಿನ ಮುಂದೆ ಪಟ್ಟಿಯಲ್ಲಿ ‘ಹೆಣ್ತನ, ಸೌಂದರ್ಯ, ನಯ’. ಇತ್ತ ಹಯಸಿಂತ್ ಹೂವಿಗೆ ಹೆಸರು ಕೊಟ್ಟವನು ಗ್ರೀಕ್ ಪುರಾಣದ ಹುಡುಗ. ಆ ಹೆಸರಿನ ಸಂತನೂ ಗಂಡಸೇ.

ಇಷ್ಟೆಲ್ಲ ಹೇಳಿದ ಮೇಲೆ ಆಚೆ ಕಡೆ ಮೌನ. ಮಗು ಎದ್ದಿರಬೇಕು, ಸಣ್ಣ ಅಳು ಕೇಳಿಸಿತು. ‘ನೋಡ್ತೀನಿ ಇರು’ ಅಂತ ಫೋನಿಟ್ಟ. ನಾನು ದೀಪ ಆರಿಸಿ ಮಲಗಿದೆ.

ಹದಿನೈದು ನಿಮಿಷಕ್ಕೆ ಮೆಸೇಜು ಬಂತು.

‘ನೀನು ಹೇಳಿದ್ದೆಲ್ಲ ತಪ್ಪು ಕಣೋ. ಡಾಲ್ ಅಂತಾನೂ ಪಟ್ಟಿಯಲ್ಲಿ ನೋಡಿದೆ.’

ಕೆಳಗೆ ಐದನೇ ಸ್ಕ್ರೀನ್‌ಶಾಟ್. ‘ಡಾಲ್: ಮುದ್ದು ಬೊಂಬೆ. ಲಿಂಗ: ಹೆಣ್ಣು. ಅದೃಷ್ಟದ ಬಣ್ಣ: ನೀಲಿ.’