ಫುಟ್‌ಬಾಲ್ ಬಿಟ್ಟಿದ್ದಕ್ಕೇ ಶಿಕಾಗೋ ಉದ್ಧಾರ ಆಯ್ತಂತೆ!

ದೊಡ್ಡಪ್ಪ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದಾರೆ. ಶಿಕಾಗೋ ಯೂನಿವರ್ಸಿಟಿ ಫುಟ್‌ಬಾಲ್ ಟೀಮ್ ಮುಚ್ಚಿ ಓದಿನ ಕಡೆ ತಿರುಗಿತಂತೆ, ಅದೇ ಸ್ಟೇಡಿಯಂನಲ್ಲಿ ಅಣುಶಕ್ತಿ ಹುಟ್ಟಿತಂತೆ. (ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.) ಗುರಿ ಯಾರು ಅಂತ ನಿಮಗೆ ಗೊತ್ತೇ ಇದೆ. ಕ್ರಿಕೆಟ್ ಕಿಟ್ ಹೊತ್ತು ತಿರುಗುವ ನನ್ನ ಮಗ.

ಮುಚ್ಚಿದ್ದು ನಿಜ. ಯಾವಾಗ ಮುಚ್ಚಿದರು ಅಂತ ಮಾತ್ರ ಯಾರೂ ಹೇಳಲ್ಲ.

1892ರಲ್ಲಿ ಪಾಠ ಶುರುವಾದ ವರ್ಷವೇ ಅಲ್ಲಿನ ಅಧ್ಯಕ್ಷ ಹಾರ್ಪರ್ ಅವರು ಅಮೋಸ್ ಅಲೊಂಜೊ ಸ್ಟಾಗ್ ಅವರನ್ನು ಕೋಚ್ ಮಾಡಿ, ಅಧ್ಯಾಪಕರ ಸಾಲಿನಲ್ಲೇ ಕೂರಿಸಿದರು. ಹೊಸ ಯೂನಿವರ್ಸಿಟಿಗೆ ಹೆಸರು ಬೇಕಿತ್ತಲ್ವಾ? 1905ರಲ್ಲಿ, 56 ಪಂದ್ಯಗಳಿಂದ ಸೋಲನ್ನೇ ಕಾಣದ ಮಿಷಿಗನ್ ತಂಡವನ್ನು 2–0ರಿಂದ ಬಗ್ಗುಬಡಿದರು. ಮಿಷಿಗನ್ ಆಟಗಾರನನ್ನು ಅವರದೇ ಗೋಲ್ ಗೆರೆಯ ಹಿಂದೆ ಕೆಡವಿ ಗಿಟ್ಟಿಸಿದ ಎರಡೇ ಅಂಕ! ಆಗ ಓದಿಗೆ ತೊಂದರೆ ಅಂತ ಟೀಮಿಗೆ ಬೀಗ ಹಾಕಿದರಾ? ಇಲ್ಲ.

ಈಗ ಹೈಸ್‌ಮನ್ ಟ್ರೋಫಿ ಅನ್ನುವ, ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಗೆದ್ದವನೂ ಇಲ್ಲಿನ ಹುಡುಗ, ಜೇ ಬರ್ವಾಂಗರ್. ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಮೊದಲ ಡ್ರಾಫ್ಟ್‌ನಲ್ಲಿ ಮೊದಲ ಹೆಸರೇ ಅವನದು. ಆದರೂ ಅಲ್ಲಿ ಒಂದು ಪಂದ್ಯವನ್ನೂ ಆಡದೆ, ಬೇರೆ ಕೆಲಸ ನೋಡಿಕೊಂಡ. ಆ ಟ್ರೋಫಿ ಮನೆಯಲ್ಲಿ ಬಾಗಿಲು ಮುಚ್ಚದ ಹಾಗೆ ಅಡ್ಡ ಇಡೋಕೆ ಬಳಕೆಯಾಗುತ್ತಿತ್ತಂತೆ! ಆಟ ಆಡಿದವನು ಹಾಳಾಗ್ತಾನೆ ಅನ್ನೋರು ಇವನನ್ನು ಯಾವ ಲೆಕ್ಕಕ್ಕೆ ಹಾಕ್ತಾರೋ.

ಆಮೇಲೆ ಬಂತು 1939. ಅದೇ ಮಿಷಿಗನ್ 85–0 ಹೊಡೆಯಿತು. ಒಹಾಯೋ ಸ್ಟೇಟ್ 61–0. ಡಿಸೆಂಬರಿನಲ್ಲಿ ಟೀಮ್ ರದ್ದು.

ಅಧ್ಯಕ್ಷ ಹಚಿನ್ಸ್ ಅವರಿಗೆ ಮೊದಲಿಂದಲೂ ಈ ಫುಟ್‌ಬಾಲ್ ಹುಚ್ಚು ಹಿಡಿಸುತ್ತಿರಲಿಲ್ಲ ಅಂತೀರಾ? ಒಪ್ಪಿದೆ. ಆದರೆ ಅವರು ಬಂದಿದ್ದು 1929ರಲ್ಲಿ. ಬರ್ವಾಂಗರ್ ಮಿಂಚುವಾಗ ಹತ್ತದ ಬೀಗ, 85–0 ಆದಮೇಲೆ ಸಲೀಸಾಗಿ ಹತ್ತಿತು. ಗೆಲ್ಲುವಾಗ ಹೆಮ್ಮೆ, ಸೋತಾಗ ತತ್ವ!

ಅಣುಶಕ್ತಿ ಕತೆಯೂ ಅಷ್ಟೇ. ವಿಜ್ಞಾನಿ ಫರ್ಮಿಯವರ ಅಣು ರಿಯಾಕ್ಟರ್ ಊರಾಚೆ ಆರ್ಗಾನ್ ಕಾಡಿನಲ್ಲಿ ಆಗಬೇಕಿತ್ತು. ಕಾರ್ಮಿಕರ ತಕರಾರಿಂದ ಅಲ್ಲಿ ಕಟ್ಟಡ ತಡವಾಯಿತು. ಅದಕ್ಕೇ 1942ರಲ್ಲಿ ಸ್ಟೇಡಿಯಂ ಗ್ಯಾಲರಿ ಕೆಳಗಿನ ಜಾಗ ಹಿಡಿದರು. ಗ್ರ್ಯಾಫೈಟ್ ಇಟ್ಟಿಗೆ ಪೇರಿಸಿ ರಿಯಾಕ್ಟರ್ ಕಟ್ಟುವಾಗ ಫುಟ್‌ಬಾಲ್ ಬಿಟ್ಟ ಪುಣ್ಯ ಯಾರ ತಲೆಯಲ್ಲೂ ಇರಲಿಲ್ಲ.

ನಿಜ ಹೇಳ್ತೀನಿ, ನನಗೆ ಈ ಆಟದ ಒಂದು ಪಂದ್ಯ ಪೂರ್ತಿ ನೋಡುವ ತಾಳ್ಮೆಯೂ ಇಲ್ಲ. ಆದರೆ ಪಿಯುಸಿಯಲ್ಲಿ ನಮ್ಮ ಪಿಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಅಂದ ಹಾಗೆ, 1969ರಲ್ಲಿ ಶಿಕಾಗೋದಲ್ಲಿ ಟೀಮ್ ವಾಪಸ್ ಬಂತು. ಈಗ ಮೂರನೇ ಡಿವಿಷನ್ನಿನಲ್ಲಿ ಆಡ್ತಿದ್ದಾರೆ. ನೊಬೆಲ್ ಬರೋದೇನೂ ನಿಂತಿಲ್ಲ, ದೊಡ್ಡಪ್ಪ.